ಆಟಕ್ಕೆ ಕವಣೆ ಬಂತು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮಧ್ಯಯುಗದ ಕಾಳಗದ ಆಟದಲ್ಲಿ ದೂರದಿಂದ ಹೊಡೆಯಲು ಬಿಲ್ಲು, ಕ್ರಾಸ್‌ಬೋ, ಎಸೆಯುವ ಈಟಿ ಮೊದಲಿಂದಲೂ ಇದ್ದವು. ಹೊಸ ಅಪ್‌ಡೇಟ್‌ನಲ್ಲಿ ಕವಣೆ ಸೇರಿಸಿದ್ದೇವೆ. ಅವತ್ತಿನಿಂದ ಪ್ರಶ್ನೆಗಳು ನಿಂತಿಲ್ಲ. ಕೆಲವರಿಗೆ ಸಿಟ್ಟು, ಕೆಲವರಿಗೆ ಖುಷಿ, ತಮ್ಮದೇ ಆಟಕ್ಕೆ ಕವಣೆ ಹಾಕಬೇಕು ಅಂತ ಹೊರಟವರೂ ಇದ್ದಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆದಿದ್ದೇನೆ. ಈ ಆಯುಧದ ಕೆಲಸ ಮೊದಲಿಂದ ಕೊನೆವರೆಗೆ ನಾನೇ ನೋಡಿಕೊಂಡದ್ದು.

ಕವಣೆ ಅಂದ್ರೆ ಕ್ಯಾಟರ್‌ಬಿಲ್ಲು ತಾನೇ?

ಅಲ್ಲ. ಕ್ಯಾಟರ್‌ಬಿಲ್ಲಿಗೆ ಕವಲು ಕಡ್ಡಿ ಬೇಕು, ರಬ್ಬರ್ ಬೇಕು. ಎಳೆದು ಬಿಟ್ಟರೆ ಥಟ್ಟನೆ ಕುಗ್ಗುವ ಗಟ್ಟಿ ರಬ್ಬರ್ ಬಂದದ್ದೇ 19ನೇ ಶತಮಾನದಲ್ಲಿ. ಅದನ್ನು ಹದ ಮಾಡುವ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ ಪೇಟೆಂಟ್ ಪಡೆದದ್ದು 1844ರಲ್ಲಿ. ಮಧ್ಯಯುಗದ ಆಟದಲ್ಲಿ ಅದಕ್ಕೆ ಜಾಗವಿಲ್ಲ.

ಕವಣೆ ಎಂದರೆ ಎರಡು ಹುರಿ, ನಡುವೆ ಕಲ್ಲು ಕೂರುವಷ್ಟು ಅಗಲದ ಪಟ್ಟಿ. ಉಣ್ಣೆ, ಸೆಣಬು, ನಾರು, ತೊಗಲು ಯಾವುದಾದರೂ ಸರಿ. ಒಂದು ಹುರಿಯ ತುದಿಯಲ್ಲಿ ಕುಣಿಕೆ ಇರುತ್ತದೆ, ಅದನ್ನು ಬೆರಳಿಗೆ ಸಿಕ್ಕಿಸಿಕೊಳ್ಳಬೇಕು. ಇನ್ನೊಂದರ ತುದಿಯಲ್ಲಿ ಗಂಟು, ಅದು ಹೆಬ್ಬೆರಳು ಮತ್ತು ತೋರುಬೆರಳ ನಡುವೆ. ಬೀಸಿ, ಸರಿಯಾದ ಹೊತ್ತಿಗೆ ಗಂಟು ಬಿಟ್ಟರೆ ಕಲ್ಲು ಹಾರುತ್ತದೆ, ಕವಣೆ ಕೈಯಲ್ಲೇ ಉಳಿಯುತ್ತದೆ. ಉತ್ತರ ಕರ್ನಾಟಕದ ಜೋಳದ ಹೊಲದಲ್ಲಿ ಹಕ್ಕಿ ಕಾದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕವಣೆ ರೋಮನ್ನರ ಕಾಲದ್ದು ಅಲ್ವಾ? ಮಧ್ಯಯುಗದಲ್ಲಿ ಎಲ್ಲಿತ್ತು?

ಇತ್ತು. 11ನೇ ಶತಮಾನದ ಬಾಯೋ ಕಸೂತಿ ಪಟದ ಅಂಚಿನಲ್ಲಿ ಒಬ್ಬ ಕವಣೆ ಬೀಸಿ ಹಕ್ಕಿ ಹೊಡೆಯುತ್ತಿರುವ ಚಿತ್ರ ಇದೆ. ಅದು ಯುದ್ಧದ ಚಿತ್ರವಲ್ಲ, ಹೊಲದ ಚಿತ್ರ. ಯುದ್ಧಕ್ಕೆ ಸಾಕ್ಷಿ ಬೇಕೆಂದರೆ ಸ್ಪೇನಿಗೆ ಬನ್ನಿ. 1367ರ ಏಪ್ರಿಲ್‌ನಲ್ಲಿ ನಾಹೆರಾ ಎಂಬಲ್ಲಿ ನಡೆದ ಕಾಳಗದಲ್ಲಿ ಅಲ್ಲಿನ ಕ್ಯಾಸ್ಟೀಲ್ ರಾಜ್ಯದ ದೊರೆ ಎನ್ರಿಕೆಯ ಕಡೆ ಕವಣೆಗಾರರು ಇದ್ದರು. ಅವರ ಕಲ್ಲು ಶಿರಸ್ತ್ರಾಣಗಳನ್ನು ಒಡೆಯುತ್ತಿತ್ತು ಅಂತ ಆ ಕಾಲದ ಚರಿತ್ರೆಕಾರ ಫ್ರುವಾಸಾರ್ ಬರೆದಿದ್ದಾನೆ. ಆದರೆ ಎದುರಿಗಿದ್ದ ಇಂಗ್ಲಿಷ್ ಬಿಲ್ಲುಗಾರರ ಬಾಣದ ಮಳೆಗೆ ಅವರು ನಿಲ್ಲಲಿಲ್ಲ. ಎನ್ರಿಕೆ ಆ ದಿನ ಸೋತ.

ಈ ಒಂದು ಕಾಳಗ ನಮಗೆ ತುಂಬಾ ಸಹಾಯ ಮಾಡಿತು. ಕವಣೆಯ ಬಲ, ಕವಣೆಯ ಮಿತಿ ಎರಡೂ ಅಲ್ಲಿವೆ. ತಲೆಗೆ ಬಿದ್ದರೆ ಉಕ್ಕೂ ತಡೆಯಲ್ಲ. ಒತ್ತಾಗಿ ನಿಂತು ಬಾಣ ಬಿಡುವ ಪಡೆಯ ಎದುರು ಮಾತ್ರ ಚದುರಿ ನಿಂತ ಕವಣೆಗಾರರು ಬಹಳ ಹೊತ್ತು ಉಳಿಯಲ್ಲ. ಆಟದಲ್ಲೂ ಹೀಗೇ ಆಗಬೇಕು ಅಂತ ಮೊದಲ ದಿನವೇ ಗೋಡೆಗೆ ಬರೆದು ಅಂಟಿಸಿಕೊಂಡೆವು.

ಬಿಲ್ಲಿರುವಾಗ ಕವಣೆ ಯಾರು ತಗೋತಾರೆ? ಬಡವರ ಬಿಲ್ಲು ಅಷ್ಟೇ ಅಲ್ವಾ?

ಇದೇ ತಪ್ಪನ್ನು ಎಷ್ಟೋ ಆಟಗಳು ಮಾಡಿವೆ. ಬಿಲ್ಲಿನ ಅಂಕಿಗಳನ್ನೇ ತೆಗೆದುಕೊಂಡು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಳಿಸಿ, ಬೆಲೆ ಕಡಿಮೆ ಇಟ್ಟು, ಅದಕ್ಕೆ ಕವಣೆ ಅಂತ ಹೆಸರಿಡುತ್ತಾರೆ. ಆಟಗಾರ ಒಂದು ಸಲ ಮುಟ್ಟಿ, ಹಣ ಬಂದ ಕೂಡಲೇ ಬಿಲ್ಲು ಕೊಳ್ಳುತ್ತಾನೆ. ಆಮೇಲೆ ಕವಣೆ ಮೂಲೆ ಸೇರುತ್ತದೆ.

ಕವಣೆ ಕೊಳ್ಳಲು ಅಗ್ಗ, ನಿಜ. ಕಲಿಯಲು ಅಗ್ಗವಲ್ಲ. ಸ್ಪೇನಿನ ಪಕ್ಕದ ಬಾಲಿಯಾರಿಕ್ ದ್ವೀಪಗಳ ಕವಣೆಗಾರರನ್ನು ಕಾರ್ತೇಜಿನವರೂ ರೋಮನ್ನರೂ ಸಂಬಳ ಕೊಟ್ಟು ಕರೆಸಿಕೊಳ್ಳುತ್ತಿದ್ದರು. ಆ ದ್ವೀಪದ ತಾಯಂದಿರು ಮಗು ಗುರಿಯಿಟ್ಟು ಹೊಡೆಯುವವರೆಗೂ ರೊಟ್ಟಿ ಕೊಡುತ್ತಿರಲಿಲ್ಲ ಅಂತ ಹಳೆಯ ಬರಹಗಾರರು ಹೇಳುತ್ತಾರೆ. ಅವರು ಉದ್ದ, ನಡು, ಗಿಡ್ಡ ಅಂತ ಮೂರು ಕವಣೆ ಇಟ್ಟುಕೊಳ್ಳುತ್ತಿದ್ದರು. ದೂರಕ್ಕೆ ಉದ್ದದ್ದು, ಹತ್ತಿರಕ್ಕೆ ಗಿಡ್ಡದ್ದು. ಬೇರೆ ಆಯುಧ ಗತಿಯಿಲ್ಲದೆ ಹಿಡಿದವರು ಹೀಗೆ ಮೂರು ಅಳತೆ ಮಾಡಿಕೊಳ್ಳುತ್ತಾರಾ?

ಹಾಗಾಗಿ ನಮ್ಮ ಆಟದಲ್ಲಿ ಕವಣೆಯ ಬೆಲೆ ಕೈಯ ಅಭ್ಯಾಸದಲ್ಲಿದೆ. ಮೊದಲ ದಿನ ಬಿಲ್ಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಹದಿನೈದನೇ ದಿನ ಬೇರೆ ಮಾತು.

ಒಂದು ಕಲ್ಲಿಗೆ ಇಷ್ಟು ಡ್ಯಾಮೇಜ್ ಯಾಕೆ?

ಲೆಕ್ಕ ಹಾಕೋಣ. 1981ರಲ್ಲಿ ಲ್ಯಾರಿ ಬ್ರೇ ಎಂಬ ಅಮೆರಿಕದವರು ಸುಮಾರು 130 ಸೆಂಟಿಮೀಟರ್ ಉದ್ದದ ಕವಣೆಯಿಂದ 52 ಗ್ರಾಂ ಕಲ್ಲನ್ನು 437 ಮೀಟರ್ ಎಸೆದು ದಾಖಲೆ ಮಾಡಿದರು. ಗಾಳಿಯ ತಡೆಯೇ ಇಲ್ಲ ಅಂದುಕೊಂಡರೂ ಅಷ್ಟು ದೂರ ಹೋಗಲು ಕಲ್ಲು ಕೈ ಬಿಡುವಾಗ ಸೆಕೆಂಡಿಗೆ 65 ಮೀಟರ್ ವೇಗ ಬೇಕು. ಗಾಳಿ ಇರುವುದರಿಂದ ನಿಜವಾದ ವೇಗ ಇನ್ನೂ ಜಾಸ್ತಿ. ಆ 65ನ್ನೇ ಹಿಡಿದರೂ ಕಲ್ಲಿನ ಶಕ್ತಿ ಸುಮಾರು 110 ಜೂಲ್.

ಇದು ಎಷ್ಟು ಅಂತ ಗೊತ್ತಾಗಬೇಕಾದರೆ ಕ್ರಿಕೆಟ್ ನೆನಪಿಸಿಕೊಳ್ಳಿ. ಗಂಟೆಗೆ 140 ಕಿಲೋಮೀಟರ್ ವೇಗದ ಬೌನ್ಸರ್‌ನಲ್ಲಿ ಸುಮಾರು 120 ಜೂಲ್ ಇರುತ್ತದೆ. ಚೆಂಡಿನ ತೂಕ ಕಲ್ಲಿನ ಮೂರರಷ್ಟು, ಮೇಲೆ ತೊಗಲು, ಒಳಗೆ ಬೆಂಡು ಮತ್ತು ದಾರ. ಅದು ಹೆಲ್ಮೆಟ್‌ಗೆ ಬಡಿದಾಗ ಬ್ಯಾಟ್ಸ್‌ಮನ್ ಹೇಗೆ ತತ್ತರಿಸುತ್ತಾನೆ ಅಂತ ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಅಷ್ಟೇ ಶಕ್ತಿ ಕೋಳಿಮೊಟ್ಟೆಗಿಂತ ಚಿಕ್ಕ, ಚೂರೂ ಮೆತ್ತಗಾಗದ ಕಲ್ಲಿನಲ್ಲಿ ಬಂದರೆ?

ಎಲ್ಲರೂ ದಾಖಲೆ ವೀರರಲ್ಲ. ಆಟದ ಸಾಧಾರಣ ಕವಣೆಗಾರನಿಗೆ ನಾವು ಕೊಟ್ಟಿರುವುದು ಸೆಕೆಂಡಿಗೆ 30 ಮೀಟರ್ ವೇಗ, 60 ಗ್ರಾಂ ಕಲ್ಲು, ಅಂದರೆ 27 ಜೂಲ್. ಇದು ಅಂಗಿ ತೊಟ್ಟವನನ್ನು ಮಲಗಿಸುತ್ತದೆ, ಕವಚ ತೊಟ್ಟವನನ್ನು ನಿಲ್ಲಿಸುತ್ತದೆ. ಸಾಮರ್ಥ್ಯ ಏರಿದ ಹಾಗೆ ವೇಗ ಏರುತ್ತದೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಪಳಗಿದ ಕೈಯ ಕಲ್ಲು ನಿಮಗೆ ಅನ್ಯಾಯ ಅನ್ನಿಸುವಷ್ಟು ಜೋರಾಗಿ ಬೀಳುತ್ತದೆ.

ಸರಪಳಿ ಕವಚ ಬಾಣ ತಡೆಯುತ್ತೆ, ಕಲ್ಲು ಯಾಕೆ ತಡೆಯಲ್ಲ?

ಕಲ್ಲು ಚುಚ್ಚಲ್ಲ, ಗುದ್ದುತ್ತದೆ. ರೋಮಿನ ಕೊನೆಗಾಲದ ಲೇಖಕ ವೆಜಿಟಿಯಸ್ ಇದನ್ನು ನೇರವಾಗಿ ಹೇಳಿದ್ದಾನೆ: ಶಿರಸ್ತ್ರಾಣ, ಕವಚ ತೊಟ್ಟ ಸೈನಿಕನಿಗೆ ಎಷ್ಟೋ ಸಲ ಬಾಣಕ್ಕಿಂತ ಕವಣೆಯ ದುಂಡುಕಲ್ಲೇ ಜಾಸ್ತಿ ಕಾಟ, ಮೈಮೇಲೆ ಗಾಯ ಕಾಣದೆಯೇ ಸಾಯಬಹುದು. ಅವನ ಪುಸ್ತಕವನ್ನು ಮಧ್ಯಯುಗದುದ್ದಕ್ಕೂ ಯುರೋಪಿನ ದೊರೆಗಳು ಓದುತ್ತಿದ್ದರು.

ನಮ್ಮ ಆಟದಲ್ಲಿ ಕಲ್ಲೇಟು ಗದೆಯ ಲೆಕ್ಕಕ್ಕೆ ಸೇರುತ್ತದೆ. ಸರಪಳಿ ಕವಚದ ಒಳಗಿನ ಹತ್ತಿಯಂಗಿ ಎಷ್ಟು ದಪ್ಪ ಅನ್ನುವುದೇ ಇಲ್ಲಿ ಮುಖ್ಯ. ಹತ್ತಿಯಂಗಿ ಬಿಟ್ಟು ಬರೀ ಸರಪಳಿ ತೊಟ್ಟು ಬಂದು ದೂರು ಹೇಳುವವರು ಜಾಸ್ತಿ. ಒಳಂಗಿ ತೊಡಿ. ತಗಡಿನ ಕವಚದ ಎದೆಗೆ ಕಲ್ಲು ಬಿದ್ದರೆ ಏನೂ ಆಗಲ್ಲ, ಸದ್ದು ಮಾತ್ರ. ತಲೆಗೆ ಬಿದ್ದರೆ ಎರಡು ಸೆಕೆಂಡ್ ತಲೆ ಸುತ್ತುತ್ತದೆ.

ಗುರಿ ಹಿಡಿಯೋದು ಯಾಕೆ ಇಷ್ಟು ಕಷ್ಟ?

ನಿಜವಾದ ಕವಣೆ ಇದಕ್ಕಿಂತ ಕಷ್ಟ. ತೋಳು, ಹುರಿ ಸೇರಿ ಒಂದು ಮೀಟರ್ ತ್ರಿಜ್ಯದ ವೃತ್ತದಲ್ಲಿ ಕಲ್ಲು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ತಿರುಗುತ್ತಿದೆ ಅಂದುಕೊಳ್ಳಿ. ಗಂಟು ಬಿಡುವುದು ಸೆಕೆಂಡಿನ ನೂರನೇ ಒಂದು ಭಾಗ ತಡವಾದರೆ ಕಲ್ಲಿನ ದಿಕ್ಕು 17 ಡಿಗ್ರಿ ತಪ್ಪುತ್ತದೆ. 30 ಮೀಟರ್ ದೂರದಲ್ಲಿ ಅದು 9 ಮೀಟರ್ ಆಚೆ. ನಿಮ್ಮ ಪರದೆ ಸೆಕೆಂಡಿಗೆ 60 ಚಿತ್ರ ತೋರಿಸಿದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆಯೇ ಕಲ್ಲು 29 ಡಿಗ್ರಿ ತಿರುಗಿರುತ್ತದೆ. ಇದನ್ನು ಇದ್ದಂತೆ ಆಟಕ್ಕೆ ಹಾಕಿದರೆ ಯಾರೂ ಆಡಲು ಸಾಧ್ಯವಿಲ್ಲ.

ಹಾಗಾದರೆ ಮನುಷ್ಯರು ಹೇಗೆ ಹೊಡೆಯುತ್ತಾರೆ? ಇದನ್ನು ತಿಳಿಯಲು ನಾನು ಗದಗ ಕಡೆಯ ನನ್ನ ಸೋದರಮಾವನ ಹೊಲಕ್ಕೆ ಹೋಗಿದ್ದೆ. ಸಂಕ್ರಾಂತಿ ಕಳೆದಿತ್ತು. ಹಿಂಗಾರಿ ಜೋಳದ ತೆನೆಯಲ್ಲಿ ಹಾಲು ತುಂಬಿತ್ತು. ಮಾವ ಅಟ್ಟಣಿಗೆ ಮೇಲೆ ನಿಂತು ಬೀಸುತ್ತಿದ್ದ, ನಾನು ಕೆಳಗಿನಿಂದ ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿಯುತ್ತಿದ್ದೆ. ಅವನ ಹೆಬ್ಬೆರಳನ್ನೇ ನೋಡಿದೆ. ಅವನು ಗಂಟನ್ನು ಬೇಕೆಂದು ಬಿಡುತ್ತಿರಲಿಲ್ಲ. ಕೈ ಮುಂದೆ ಚಾಚಿ ಬೆರಳು ಗುರಿಯ ಕಡೆ ತಿರುಗುವಾಗ ಹುರಿಯ ಎಳೆತಕ್ಕೆ ಗಂಟು ತಾನಾಗಿ ಜಾರುತ್ತಿತ್ತು. ನಾನು ಬೀಸಿದಾಗ ಮೊದಲ ಕಲ್ಲು ಬೆನ್ನ ಹಿಂದೆ ಹೋಗಿ ಬಂಡಿಯ ಗಾಲಿಗೆ ಬಡಿಯಿತು. "ಕೈ ನೋಡಬ್ಯಾಡೋ ಅಳಿಯಾ, ಹಕ್ಕಿ ನೋಡು" ಅಂದ ಮಾವ. "ಕೈ ಎಲ್ಲಿ ಚಾಚ್ತಿ, ಕಲ್ಲು ಅಲ್ಲಿಗೇ ಹೋಗತೈತಿ."

ಆ ಮಾತು ನಮ್ಮ ಇಡೀ ವಿನ್ಯಾಸ ಬದಲಿಸಿತು. ಮೊದಲು ನಾವು ಸುತ್ತುವ ಮುಳ್ಳು ತೋರಿಸಿ, ಸರಿಯಾದ ಜಾಗದಲ್ಲಿ ಬಟನ್ ಒತ್ತಿ ಅಂತ ಮಾಡಿದ್ದೆವು. ಅದನ್ನು ಪೂರ್ತಿ ಕಿತ್ತು ಹಾಕಿದೆವು. ಈಗ ಬಟನ್ ಹಿಡಿದರೆ ಬೀಸು ಶುರು. ಬಿಡುವ ಹೊತ್ತಿಗೆ ಮೌಸ್ ಅಥವಾ ಕಂಟ್ರೋಲರ್ ಕಡ್ಡಿ ಗುರಿಯ ಕಡೆ ನೇರವಾಗಿ ಸಾಗುತ್ತಿರಬೇಕು. ಅದು ಎಷ್ಟು ನೇರವಾಗಿದೆಯೋ ಗುರಿ ಅಷ್ಟು ನೇರ. ಹೊತ್ತಿನಲ್ಲಿ 150 ಮಿಲಿಸೆಕೆಂಡ್ ಸಡಿಲ ಕೊಟ್ಟಿದ್ದೇವೆ. ಬೇಗ ಬಿಟ್ಟರೆ ಕಲ್ಲು ಮೇಲೆ ಹೋಗುತ್ತದೆ, ತಡವಾದರೆ ಕೆಳಗೆ. ತಪ್ಪು ಯಾಕಾಯಿತು ಅಂತ ಆಟಗಾರನಿಗೆ ತಿಳಿಯಬೇಕು, ಆಗಲೇ ಕಲಿಯಲು ಸಾಧ್ಯ. ಸುಮ್ನೆ ಅದೃಷ್ಟದ ಮೇಲೆ ಕಲ್ಲು ಚೆದುರಿಸಿದರೆ ಯಾರೂ ಏನೂ ಕಲಿಯಲ್ಲ.

ಕ್ರಾಸ್‌ಹೇರ್ ಹಾಕಿ, ಪ್ಲೀಸ್.

ಹಾಕಲ್ಲ. ಕ್ರಾಸ್‌ಹೇರ್ ಅಂದರೆ ಪರದೆಯ ನಡುವಿನ ಗುರಿಗುರುತು. ಅದು ಇದ್ದರೆ ಕಣ್ಣು ಅಲ್ಲೇ ಅಂಟುತ್ತದೆ, ಎದುರಾಳಿಯನ್ನು ನೋಡುವುದೇ ಬಿಟ್ಟುಹೋಗುತ್ತದೆ. ಅಭ್ಯಾಸದ ಮೈದಾನದಲ್ಲಿ ಮಾತ್ರ ಹಿಂದಿನ ಕಲ್ಲಿನ ದಾರಿಯನ್ನು ಗೆರೆಯಾಗಿ ತೋರಿಸುತ್ತೇವೆ. ನೂರು ಕಲ್ಲು ಅಲ್ಲಿ ಎಸೆಯಿರಿ.

ದೂರಕ್ಕೆ ಎಸೆದಾಗ ಕಲ್ಲು ಯಾಕೆ ಅಷ್ಟು ಬೇಗ ಇಳಿಯುತ್ತೆ?

ಸೆಕೆಂಡಿಗೆ 30 ಮೀಟರ್ ವೇಗದ ಕಲ್ಲಿಗೆ 40 ಮೀಟರ್ ಹೋಗಲು 1.33 ಸೆಕೆಂಡ್ ಬೇಕು. ಅಷ್ಟರಲ್ಲಿ ನೇರ ಗೆರೆಯಿಂದ 8.7 ಮೀಟರ್ ಇಳಿದಿರುತ್ತದೆ. 50 ಮೀಟರ್ ವೇಗದ ಬಾಣ ಅದೇ ದೂರದಲ್ಲಿ 3 ಮೀಟರ್ ಚಿಲ್ಲರೆ ಇಳಿಯುತ್ತದೆ. ಬಿಲ್ಲಿನ ಅಂದಾಜಿನಲ್ಲೇ ಕವಣೆ ಹಿಡಿದರೆ ಕಲ್ಲು ಎದುರಾಳಿಯ ಮುಂದೆ ನೆಲಕ್ಕೆ ಬೀಳುತ್ತದೆ. ಮೇಲೆ ನೋಡಿ ಬೀಸಿ.

ಐದಾರು ಸುತ್ತು ತಿರುಗಿಸಿದ್ರೆ ಇನ್ನೂ ಜೋರಾಗಿ ಹೋಗಲ್ವಾ?

ಸಿನಿಮಾದಲ್ಲಿ ಹಾಗೆ ತೋರಿಸುತ್ತಾರೆ. ಬೀಸಿನ ಬಲ ಬರುವುದು ಕೊನೆಯ ಸುತ್ತಿನಲ್ಲಿ, ಕಾಲು, ಸೊಂಟ, ಹೆಗಲು ಎಲ್ಲ ಸೇರಿ ಮುಂದೆ ಬಂದಾಗ. ಮೊದಲಿನ ಸುತ್ತುಗಳು ಕಲ್ಲನ್ನು ಜಾಗದಲ್ಲಿ ಕೂರಿಸುತ್ತವೆ, ಅಷ್ಟೇ. ವೆಜಿಟಿಯಸ್ ಕೂಡ ತಲೆಯ ಮೇಲೆ ಒಂದೇ ಸುತ್ತು ತಿರುಗಿಸಿ ಬಿಡುವಂತೆ ಸೈನಿಕರನ್ನು ಪಳಗಿಸಿ ಅನ್ನುತ್ತಾನೆ. ನಮ್ಮ ಅನಿಮೇಶನ್‌ನಲ್ಲಿ ಒಂದೇ ಸುತ್ತು. ಬಟನ್ ಹಿಡಿದೇ ಇದ್ದರೆ ಸುತ್ತುತ್ತಲೇ ಇರುತ್ತದೆ, ಆದರೆ ವೇಗ ಏರಲ್ಲ, ಸ್ಟ್ಯಾಮಿನಾ ಸೋರುತ್ತದೆ.

ನನ್ನ ಕವಣೆ ನಮ್ಮ ತಂಡದವನಿಗೇ ಬಡೀತು. ಇದು ಬಗ್ ತಾನೇ?

ಬಗ್ ಅಲ್ಲ. ಕವಣೆಗಾರನ ಸುತ್ತ ಜಾಗ ಬೇಕು. ಬೀಸುವ ದಾರಿಯಲ್ಲಿ ಯಾರಾದರೂ ಬಂದರೆ ಹುರಿ ಸಿಕ್ಕಿ ಬೀಸು ನಿಲ್ಲುತ್ತದೆ, ಅವರಿಗೆ ಸಣ್ಣ ಪೆಟ್ಟು ಆಗುತ್ತದೆ. ಗೋಡೆ, ಕಂಬ, ತಗ್ಗಿನ ಚಾವಣಿಗೂ ಇದೇ ನಿಯಮ. ಇದನ್ನು ತೆಗೆಯಿರಿ ಅಂತ ಬಹಳ ಜನ ಕೇಳಿದ್ದಾರೆ. ತೆಗೆದರೆ ಹತ್ತು ಕವಣೆಗಾರರು ಒಂದೇ ಬಾಗಿಲಲ್ಲಿ ಒತ್ತಾಗಿ ನಿಂತು ಕಲ್ಲು ಸುರಿಸುತ್ತಾರೆ. ಯುದ್ಧಭೂಮಿಯಲ್ಲಿ ಬಿಲ್ಲು ಗೆದ್ದದ್ದೇ ಒತ್ತಾಗಿ ನಿಲ್ಲಬಹುದು ಅನ್ನುವ ಕಾರಣಕ್ಕೆ ಅಂತ ನನ್ನ ನಂಬಿಕೆ. ಬಿಲ್ಲಿನಿಂದ ಆ ಲಾಭ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.

ಗುರಾಣಿ ಜೊತೆ ಬಳಸಬಹುದಾ?

ಹೌದು, ಬಿಲ್ಲಿಗಿಂತ ಕವಣೆ ಮೇಲಾಗುವುದು ಇಲ್ಲೇ. ಬೀಸಲು ಒಂದೇ ಕೈ ಸಾಕು. ಕಲ್ಲು ತುಂಬುವಾಗ ಮಾತ್ರ ಇನ್ನೊಂದು ಕೈಯ ಬೆರಳು ಬೇಕು, ಆಗ ಗುರಾಣಿ ಕೆಳಗಿಳಿಯುತ್ತದೆ. ತೋಳಿಗೆ ಪಟ್ಟಿ ಬಿಗಿದ ಚಿಕ್ಕ ಗುರಾಣಿಗೆ ಮಾತ್ರ ಅವಕಾಶ ಇದೆ.

ಕಲ್ಲು ಮುಗಿಯಲ್ವಾ?

ಚೀಲದಲ್ಲಿ 12 ಕಲ್ಲು ಇರುತ್ತವೆ. ಮುಗಿದರೆ ನೆಲದಿಂದ ಆರಿಸಬಹುದು. ಆದರೆ ಎಲ್ಲ ನೆಲದಲ್ಲೂ ಕಲ್ಲು ಸಿಗಲ್ಲ.

ಇದೂ ಮಾವನ ಹೊಲದಲ್ಲೇ ತಿಳಿದದ್ದು. ಅದು ಎರೆಭೂಮಿ. ಬೆರಳು ಗಾತ್ರದ ಕಲ್ಲೂ ಸಿಗಲ್ಲ. ಹಳ್ಳದಿಂದ ಕಲ್ಲು ಆರಿಸಿ ಗೊಬ್ಬರದ ಚೀಲದಲ್ಲಿ ತಂದು ಅಟ್ಟಣಿಗೆ ಮೇಲೆ ಇಟ್ಟುಕೊಂಡಿದ್ದ. ಅದು ಮುಗಿದರೆ ಒಣಗಿದ ಮಣ್ಣಿನ ಹೆಂಟೆ. ಹೆಂಟೆ ಗಾಳಿಯಲ್ಲೇ ಒಡೆದು ಪುಡಿಯಾಗಿ ತೆನೆಗಳ ಮೇಲೆ ಸರ್ರನೆ ಬೀಳುತ್ತದೆ, ಹಕ್ಕಿ ಏಳಲು ಅಷ್ಟು ಸಾಕು. ಇಂಗ್ಲೆಂಡಿನ ಮೇಡನ್ ಕ್ಯಾಸಲ್ ಎಂಬ ಕಬ್ಬಿಣಯುಗದ ಕೋಟೆಯಲ್ಲಿ ಕಡಲದಂಡೆಯಿಂದ ಹೊತ್ತು ತಂದ 20 ಸಾವಿರಕ್ಕೂ ಹೆಚ್ಚು ದುಂಡುಕಲ್ಲುಗಳು ಸಿಕ್ಕಿವೆ. ಕೋಟೆ ಇರುವ ಜಾಗದಲ್ಲಿ ಸಿಗುವ ಕಲ್ಲು ಅವರಿಗೆ ಸಾಕಾಗಲಿಲ್ಲ, ಒಂದೇ ಗಾತ್ರದ ನುಣುಪು ಕಲ್ಲೇ ಬೇಕಿತ್ತು.

ಹಾಗಾಗಿ ನದಿ ಇರುವ ಮ್ಯಾಪ್‌ನಲ್ಲಿ ದುಂಡುಕಲ್ಲು, ಹಾಳು ಕೋಟೆಯಲ್ಲಿ ಚೂಪು ಚೂರು, ಉತ್ತ ಹೊಲದಲ್ಲಿ ಬರೀ ಹೆಂಟೆ. ಚೂಪು ಚೂರು ಅತ್ತಿತ್ತ ಹಾರುತ್ತದೆ. ಹೆಂಟೆಯಿಂದ ಡ್ಯಾಮೇಜ್ ಇಲ್ಲ, ಕಣ್ಣಿಗೆ ಧೂಳು ಮಾತ್ರ. ಕೋಟೆ ಕಾಯುವ ತಂಡ ಮೊದಲೇ ಕಲ್ಲಿನ ರಾಶಿ ಹಾಕಿಕೊಳ್ಳಬಹುದು.

ಸೀಸದ ಗುಂಡು ಯಾಕೆ ದುಬಾರಿ?

ಸೀಸ ಚಿಕ್ಕದು, ಭಾರ, ಗಾಳಿಯಲ್ಲಿ ಕಡಿಮೆ ತಡೆ. ಗ್ರೀಕ್ ಸೇನಾನಿ ಕ್ಸೆನೊಫೋನ್ ಬರೆದಿರುವಂತೆ ಸೀಸ ಬಳಸುತ್ತಿದ್ದ ರೋಡ್ಸ್ ದ್ವೀಪದವರ ಗುಂಡು, ಮುಷ್ಟಿ ಗಾತ್ರದ ಕಲ್ಲು ಎಸೆಯುತ್ತಿದ್ದ ಪರ್ಷಿಯನ್ನರ ಕಲ್ಲಿನ ಎರಡರಷ್ಟು ದೂರ ಹೋಗುತ್ತಿತ್ತು. ಇದು ಹಳೆಯ ಕಾಲದ ಮಾತು. ನಮ್ಮ ಆಟ 13, 14ನೇ ಶತಮಾನದ್ದು. ಅದಕ್ಕೇ ಸೀಸ ವಿರಳವಾಗಿ ಇಟ್ಟಿದ್ದೇವೆ, ಒಂದು ಪಂದ್ಯಕ್ಕೆ ಮೂರೇ ಮೂರು.

ಕೋಲುಕವಣೆಗೂ ಇದಕ್ಕೂ ಏನು ವ್ಯತ್ಯಾಸ?

ನಾಲ್ಕು ಅಡಿ ಕೋಲಿನ ತುದಿಗೆ ಕವಣೆ ಕಟ್ಟಿದರೆ ಕೋಲುಕವಣೆ. ಒಂದು ಹುರಿ ಕೋಲಿಗೆ ಬಿಗಿ, ಇನ್ನೊಂದು ತುದಿಯಿಂದ ಜಾರುತ್ತದೆ. ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಿಂದ ಬೀಸಬೇಕು. 13ನೇ ಶತಮಾನದ ಹಸ್ತಪ್ರತಿಗಳ ಚಿತ್ರಗಳಲ್ಲಿ ಇದು ಕಾಣುತ್ತದೆ. ಭಾರದ ಕಲ್ಲನ್ನು ಗೋಡೆಯಾಚೆ ಎತ್ತರಕ್ಕೆ ಹಾಕಲು ಇದೇ ಸರಿ. ಕೋಟೆಗಳ ಮೇಲೆ ಭಾರಿ ಕಲ್ಲು ಎಸೆಯುತ್ತಿದ್ದ ಟ್ರೆಬುಶೆ ಯಂತ್ರದ ತೋಳಿನ ತುದಿಯಲ್ಲಿ ಇರುವುದೂ ಇದೇ ಉಪಾಯ, ಗಾತ್ರ ಮಾತ್ರ ದೊಡ್ಡದು. ಕಲಿಯಲು ಸುಲಭ, ನಿಧಾನ, ನೇರ ಗುರಿಗೆ ಆಗಲ್ಲ. ಹೊಸಬರು ಇದರಿಂದ ಶುರು ಮಾಡಿ ಅನ್ನುತ್ತೇನೆ.

ಕಲ್ಲು ಬರೋದು ಕಾಣಲ್ಲ. ಇದು ಮೋಸ ಅಲ್ವಾ?

ಅಷ್ಟು ಚಿಕ್ಕ ಕಲ್ಲು ಕಾಣದಿರುವುದು ನಿಜಕ್ಕೆ ಹತ್ತಿರ, ಆದರೆ ಆಟದಲ್ಲಿ ತಪ್ಪಿಸಿಕೊಳ್ಳಲು ಒಂದು ದಾರಿ ಇರಲೇಬೇಕು. ಆ ದಾರಿಯನ್ನು ಕಿವಿಗೆ ಕೊಟ್ಟಿದ್ದೇವೆ. ಬೀಸುವಾಗ ಹುರಿಯ ಹೂಂಕಾರ, ಬಿಟ್ಟಾಗ ತುದಿಯ ಛಟೀರ್ ಸದ್ದು. ಮಾವನ ಕವಣೆಯ ಸದ್ದನ್ನೇ ಬೆಳಗಿನ ಜಾವ, ಗಾಳಿ ಇಲ್ಲದ ಹೊತ್ತಿನಲ್ಲಿ ಧ್ವನಿಮುದ್ರಿಸಿದೆವು. ಆ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಹೆಡ್‌ಫೋನ್‌ನಲ್ಲಿ ಚೆನ್ನಾಗಿ ತಿಳಿಯುತ್ತದೆ. ಸದ್ದು ಕೇಳಿದ ಕೂಡಲೇ ಗುರಾಣಿ ಎತ್ತಿ.

ತಲೆಗೇ ಹೊಡೆದೆ, ಲೆಕ್ಕಕ್ಕೆ ಬರಲಿಲ್ಲ. ಯಾಕೆ?

ಮೊದಲ ವಾರ ಇದು ನಮ್ಮದೇ ತಪ್ಪು. ಸರ್ವರ್ ಸೆಕೆಂಡಿಗೆ 60 ಸಲ ಕಲ್ಲಿನ ಜಾಗ ನೋಡುತ್ತಿತ್ತು. 60 ಮೀಟರ್ ವೇಗದ ಕಲ್ಲು ಎರಡು ನೋಟದ ನಡುವೆ ಒಂದು ಮೀಟರ್ ಹಾರುತ್ತದೆ. ತಲೆ ಅಷ್ಟು ಅಗಲವಿಲ್ಲ, ಹಾಗಾಗಿ ಕಲ್ಲು ತಲೆಯನ್ನು ದಾಟಿದ್ದೇ ತಿಳಿಯುತ್ತಿರಲಿಲ್ಲ. ಈಗ ಎರಡು ಜಾಗಗಳ ನಡುವಿನ ಇಡೀ ದಾರಿಯನ್ನು ಪರೀಕ್ಷೆ ಮಾಡುತ್ತೇವೆ. ಸ್ವಂತ ಆಟ ಮಾಡುವವರು ಇದನ್ನು ಮೊದಲ ದಿನವೇ ಮಾಡಿಕೊಳ್ಳಿ. ಬಿಡುವ ಹೊತ್ತನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಅಳೆಯುತ್ತೇವೆ, ಸರ್ವರ್ ಅದನ್ನು ತಾಳೆ ನೋಡುತ್ತದೆ. ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಬರುವ ಹೊತ್ತು, ಜಾಸ್ತಿ ಇದ್ದರೂ ಬೀಸು ಕೆಡಲ್ಲ.

ಕುದುರೆ ಮೇಲಿಂದ?

ಇಲ್ಲ. ಕಾಲು ನೆಲದಲ್ಲಿ ಊರದೆ ಈ ಬೀಸಿಗೆ ಬಲ ಬರಲ್ಲ.

ಬೆಂಕಿ ಕಲ್ಲು ಎಸೆಯಬಹುದಾ?

ಕ್ರಿ.ಪೂ. 54ರಲ್ಲಿ ಗಾಲ್ ನಾಡಿನ ನೆರ್ವಿ ಜನರು ಕಾಯಿಸಿದ ಜೇಡಿಮಣ್ಣಿನ ಗುಂಡುಗಳನ್ನು ಕವಣೆಯಿಂದ ಎಸೆದು ರೋಮನ್ ಶಿಬಿರದ ಹುಲ್ಲು ಮಾಡಿಗೆ ಬೆಂಕಿ ಹಚ್ಚಿದರು ಅಂತ ಸೀಸರ್ ಬರೆದಿದ್ದಾನೆ. ಮುತ್ತಿಗೆಯ ಆಟಕ್ಕೆ ಇದನ್ನು ತರಲು ನನಗೂ ಆಸೆ ಇದೆ. ಒಲೆಯ ಪಕ್ಕ ನಿಂತರೆ ಮಾತ್ರ ತುಂಬಬಹುದು, ಹತ್ತು ಸೆಕೆಂಡಿನಲ್ಲಿ ಎಸೆಯದಿದ್ದರೆ ಆರಿಹೋಗುತ್ತದೆ ಅನ್ನುವ ನಿಯಮ ಬರೆದು ಪರೀಕ್ಷೆ ಮಾಡುತ್ತಿದ್ದೇವೆ.

ನಿಜವಾದ ಕವಣೆ ಬೀಸಿ ಕಲಿಯಬಹುದಾ?

ಖಂಡಿತ ಕಲಿಯಿರಿ. ಕಲ್ಲಿನಿಂದ ಮಾತ್ರ ಶುರು ಮಾಡಬೇಡಿ. ಹಳೇ ಟೆನಿಸ್ ಚೆಂಡು ಸಾಕು, ಅದಕ್ಕೆ ತಕ್ಕಂತೆ ಪಟ್ಟಿ ಸ್ವಲ್ಪ ಅಗಲ ಇರಲಿ. ಬೆಳೆ ಕೊಯ್ದ ಬಯಲಿಗೆ ಹೋಗಿ, ಮುಂದೆ ಹಿಂದೆ ಎಡ ಬಲ ಎಲ್ಲೂ ಮನುಷ್ಯರು, ದನಕರು ಇಲ್ಲದ ಕಡೆ ನಿಲ್ಲಿ. ಮೊದಲ ದಿನ ಚೆಂಡು ಯಾವ ಕಡೆ ಹೋಗುತ್ತದೆ ಅಂತ ನಿಮಗೇ ಗೊತ್ತಿರಲ್ಲ. ಹುರಿಯ ಉದ್ದ ಮಡಚಿದಾಗ ನೆಲದಿಂದ ಸೊಂಟದಷ್ಟು ಇಲ್ಲವೇ ಅದಕ್ಕಿಂತ ಗಿಡ್ಡ ಇರಲಿ. ಗಂಟು ದೊಡ್ಡದಾಗಿ ಹಾಕಿ, ಬೆವರಿದ ಕೈಯಲ್ಲಿ ಚಿಕ್ಕ ಗಂಟು ಬೇಗ ಜಾರುತ್ತದೆ.